ಎಂಜಿನ್‌ನ್ಯಾಗ ಕಾರ್ಬನ್ ಯಾಕ ಕುಂದರ್ತೈತಿ, ಮನ್ಯಾಗ ಎಷ್ಟು ತಗೀಬಹುದು, ಎಲ್ಲಿಗೆ ಕೈ ನಿಲ್ಲಿಸ್ಬೇಕು

ಈಗಿತ್ಲಾಗ ಗಾಡಿ ಸರ್ವಿಸಿಂಗ್‌ಗೆ ಬಿಟ್ರ ಆಯಿಲ್, ಫಿಲ್ಟರ್ ಲೆಕ್ಕದ ಕೆಳಗ ಇನ್ನೊಂದು ಸಾಲು ಕಾಣಾಕ ಹತ್ತೇತಿ, ಎಂಜಿನ್ ಡಿಕಾರ್ಬನೈಸಿಂಗ್ ಅಂತ. ಕಾರ್ ಇದ್ದವ್ರಿಗಷ್ಟ ಅಲ್ಲ, ಸ್ಕೂಟಿ ಬೈಕಿನವ್ರಿಗೂ ಕೇಳ್ತಾರ, ‘ಸರ್, ಕಾರ್ಬನ್ ಕ್ಲೀನ್ ಮಾಡಿಸ್ತೀರೇನ್ರಿ, ಮೈಲೇಜ್ ಬರ್ತೈತಿ’ ಅಂತ. ಹ್ಞೂಂ ಅನ್ನಬೇಕೋ ಬ್ಯಾಡ ಅನ್ನಬೇಕೋ ತಿಳಿಯಂಗಿಲ್ಲ. ಮನಿಗೆ ಬಂದು ಮೊಬೈಲ್ ತಗದ್ರ ಅಲ್ಲಿ ಯಾವನೋ ಒಬ್ಬ ಚಾಲೂ ಇದ್ದ ಎಂಜಿನ್‌ಗೆ ಬಾಟ್ಲಿಲೆ ನೀರು ಕುಡಿಸಾಕ ಹತ್ತಿರ್ತಾನ, ಇನ್ನೊಬ್ಬ ಆಯಿಲ್ ಜೊತಿಗೆ ಸೀಮೆಎಣ್ಣಿ ಹಾಕ್ರಿ ಅಂತಾನ. ಇದ್ರ ಮ್ಯಾಲ ಇ20 (ನೂರಕ್ಕ ಇಪ್ಪತ್ತು ಎಥೆನಾಲ್ ಕೂಡಿಸಿದ) ಪೆಟ್ರೋಲ್ ಬಂದಾಗಿಂದಂತೂ ಗಾಡಿ ಜರಾ ಎಳೀಲಿಲ್ಲಂದ್ರ ಸಾಕು, ಎಲ್ಲಾದಕ್ಕೂ ಕಾರ್ಬನ್ನಿನ ಹೆಸರು.

ಕಾರ್ಬನ್ ಅನ್ನೋದು ಒಂದ ಹೆಸರು ಖರೆ, ಆದ್ರ ಅದು ಎಂಜಿನ್‌ನ್ಯಾಗ ಬ್ಯಾರೆ ಬ್ಯಾರೆ ಜಾಗಾದಾಗ ಬ್ಯಾರೆ ಬ್ಯಾರೆ ಕಾರಣಕ್ಕ ಕುಂದರ್ತೈತಿ, ಒಂದು ಜಾಗಾದ ಔಷಧ ಇನ್ನೊಂದು ಜಾಗಕ್ಕ ನಡಿಯಂಗಿಲ್ಲ. ಎಲ್ಲೆ ಕುಂತೈತಿ ಅನ್ನೋದು ತಿಳೀತಂದ್ರ ರೊಕ್ಕ ಕೊಡಬೇಕೋ ಬ್ಯಾಡೋ ಅನ್ನೋದು ಅರ್ಧ ತಾನ ತಿಳೀತೈತಿ.

## ಕಾರ್ಬನ್ ಎಲ್ಲಿಂದ ಬಂತು

ಪೆಟ್ರೋಲ್ ಆಗ್ಲಿ ಡೀಸೆಲ್ ಆಗ್ಲಿ ಎರಡೂ ಹೈಡ್ರೋಕಾರ್ಬನ್, ಅಂದ್ರ ಹೈಡ್ರೋಜನ್ ಮತ್ತ ಕಾರ್ಬನ್ ಕೂಡಿ ಆದ ಎಣ್ಣಿ. ಸಾಕಷ್ಟು ಆಕ್ಸಿಜನ್ ಸಿಕ್ಕು ಪೂರ್ತಿ ಸುಟ್ರ ಹೈಡ್ರೋಜನ್ ನೀರಿನ ಹಬಿ ಆಗ್ತೈತಿ, ಕಾರ್ಬನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಸೈಲೆನ್ಸರ್‌ಲಿಂದ ಹೊರಗ ಹೋಗ್ತೈತಿ. ಪೂರ್ತಿ ಸುಡಲಿಲ್ಲಂದ್ರ ಕಾರ್ಬನ್ನು ಕರೀ ಮಸಿ ಆಗಿ ಉಳೀತೈತಿ. ಮನಿ ಗ್ಯಾಸ್ ಒಲಿ ನೋಡ್ರಿ, ಉರಿ ನೀಲಿ ಇದ್ದಾಗ ಬೋಗಣಿ ತಳ ಸ್ವಚ್ಛ ಇರ್ತೈತಿ, ಬರ್ನರ್ ತೂತಿನ್ಯಾಗ ಕಸ ಕುಂತು ಗಾಳಿ ಸರಿ ಕೂಡಲಿಲ್ಲಂದ್ರ ಉರಿ ಹಳದಿ ಆಗಿ ಬೋಗಣಿ ತಳ ಕರ್ರಗ ಆಗ್ತೈತಿ. ಗ್ಯಾಸ್ ಅದ, ಒಲಿನೂ ಅದ, ಫರಕು ಗಾಳೀದು.

ಎಂಜಿನ್‌ನ್ಯಾಗ ಈ ಗಾಳಿ ಲೆಕ್ಕ ಭಾಳ ದೊಡ್ಡದು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಸುಡಾಕ ಸುಮಾರು 14.7 ಕೆಜಿ ಗಾಳಿ ಬೇಕು. ಲೀಟರ್ ಲೆಕ್ಕದಾಗ ಹೇಳೋದಾದ್ರ ಒಂದು ಲೀಟರ್ ಪೆಟ್ರೋಲ್‌ಗೆ ಹೆಚ್ಚುಕಮ್ಮಿ ಒಂಬತ್ತು ಸಾವಿರ ಲೀಟರ್ ಗಾಳಿ. ಏರ್ ಫಿಲ್ಟರ್ ಕಟ್ಟಿಕೊಂಡು ಈ ಗಾಳಿ ಕಮ್ಮಿ ಆದ್ರ, ಇಲ್ಲಾಂದ್ರ ಪೆಟ್ರೋಲ್ ಹೆಚ್ಚು ಬಿದ್ರ, ಮಸಿ ಸುರು. ಮೆಕ್ಯಾನಿಕ್‌ಗಳು ಇದಕ್ಕ ‘ಗಾಡಿ ರಿಚ್ ಓಡಾಕ ಹತ್ತೇತಿ’ ಅಂತಾರ, ಉಲ್ಟಾ ಇದ್ರ ಲೀನ್.

ಇದು ಒಂದು ಮೂಲ. ಎರಡನೇದು ಎಂಜಿನ್ ಆಯಿಲ್. ಸಿಲಿಂಡರ್ ಒಳಗ ಮ್ಯಾಲ ಕೆಳಗ ಆಡೋ ಪಿಸ್ಟನ್ನಿಗೆ ಸುತ್ತ ರಿಂಗ್ ಇರ್ತಾವ, ಆ ರಿಂಗಿನ ಸಂದಿಂದ ಸ್ವಲ್ಪ ಗ್ಯಾಸ್ ಕೆಳಗ ಆಯಿಲ್ ಇರೋ ಕಡೆ ಸೋರ್ತೈತಿ, ಅದನ್ನ ಹೊರಗ ಗಾಳಿಗೆ ಬಿಡಂಗಿಲ್ಲ, ಒಂದು ಪೈಪ್ ಹಾಕಿ ವಾಪಸ್ ಎಂಜಿನ್ ಗಾಳಿ ಎಳಕೊಳ್ಳೋ ದಾರಿಗೇ ಬಿಟ್ಟಿರ್ತಾರ. ಆ ಗ್ಯಾಸ್ ಜೊತಿಗೆ ಆಯಿಲ್ ಹಬಿನೂ ಬರ್ತೈತಿ, ಬಂದು ಬಿಸಿ ವಾಲ್ವ್ ಮ್ಯಾಲ ಕುಂತು ಒಣಗಿ ಗಟ್ಟಿ ಕಿಟ್ಟ ಆಗ್ತೈತಿ. ಮೂರನೇದು ಹೆಚ್ಚಾಗಿ ಡೀಸೆಲ್ ಗಾಡ್ಯಾಗ. ಹೊಗಿ ಒಂದಿಷ್ಟು ವಾಪಸ್ ಎಂಜಿನ್‌ಗೇ ಕಳಸೋ ಇಜಿಆರ್ ಅನ್ನೋ ವಾಲ್ವ್ ಇರ್ತೈತಿ, ವಿಷಕಾರಿ ನೈಟ್ರೋಜನ್ ಆಕ್ಸೈಡ್ ಕಮ್ಮಿ ಮಾಡಾಕ. ಆ ಹೊಗಿಯೊಳಗಿನ ಮಸಿನೂ ಈ ಆಯಿಲ್ ಹಬಿನೂ ಒಂದಕ್ಕೊಂದು ಕೂಡಿದ್ರ ಗಾಳಿ ಹೋಗೋ ಪೈಪಿನೊಳಗ ಡಾಂಬರ್ ಬಳದಂಗ ಆಗಿರ್ತೈತಿ.

## ನಮ್ಮ ಊರಾಗಿನ ಓಡಾಟ

ಗಾಡಿ ಭಾಳ ಓಡಿಸಿದ್ರ ಕಾರ್ಬನ್ ಕುಂದರ್ತೈತಿ ಅಂತ ಮಂದಿ ತಿಳ್ಕೊಂಡಿರ್ತಾರ, ಖರೇ ಅಂದ್ರ ಕಮ್ಮಿ ಓಡಿಸೋ ಗಾಡ್ಯಾಗೂ ಅದು ಜೋರ ಕುಂದರ್ತೈತಿ.

ಪೆಟ್ರೋಲ್‌ಗೆ ಕಿಡಿ ಹಚ್ಚೋ ಸ್ಪಾರ್ಕ್ ಪ್ಲಗ್ಗಿನ ತುದಿ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ದಾಟಿದ್ರ ಮಾತ್ರ ಅದ್ರ ಮ್ಯಾಲ ಕುಂತ ಮಸಿ ತಾನ ಸುಟ್ಟು ಹೋಗ್ತೈತಿ. ಹುಬ್ಬಳ್ಳ್ಯಾಗ ಕೇಶ್ವಾಪುರದಿಂದ ದುರ್ಗದ ಬೈಲಿಗೆ ಕಾಯಿಪಲ್ಯ ತರಾಕ ಹೋಗಿ ಬರೋದ್ರಾಗ, ಧಾರವಾಡದಾಗ ಸಪ್ತಾಪುರದಿಂದ ಸುಭಾಸ ರೋಡಿಗೆ ಹೋಗಿ ಬರೋದ್ರಾಗ ಎಂಜಿನ್ ಪೂರ್ತಿ ಬಿಸಿ ಆಗೋದ ಇಲ್ಲ. ತಣ್ಣಗಿರೋ ಎಂಜಿನ್‌ಗೆ ಗಾಡ್ಯಾಗಿನ ಕಂಪ್ಯೂಟರ್ ಬೇಕಂತನ ಹೆಚ್ಚಿನ ಪೆಟ್ರೋಲ್ ಬಿಡ್ತೈತಿ, ಯಾಕಂದ್ರ ತಣ್ಣಗಿನ ಲೋಹದ ಮ್ಯಾಲ ಪೆಟ್ರೋಲ್ ಹಬಿ ಆಗಂಗಿಲ್ಲ, ಹನಿಯಾಗಿ ಅಂಟ್ಕೊಂತೈತಿ. ಕಾರ್ಬೊರೇಟರ್ ಇರೋ ಹಳೇ ಬೈಕಿನ್ಯಾಗ ಈ ಕೆಲಸ ನಾವು ಚೋಕ್ ಎಳದು ಮಾಡ್ತೀವಿ, ಎಳದದ್ದನ್ನ ವಾಪಸ್ ಒತ್ತೋದು ಮರತು ಆಫೀಸ್ ತನಕ ಹೋಗಿಬಿಡ್ತೀವಿ, ಪ್ಲಗ್ ಕರ್ರಗ ಆಗಾಕ ಅಷ್ಟ ಸಾಕು. ಧಾರವಾಡದ ಜಿಟಿಜಿಟಿ ಮಳಿಗಾಲದಾಗ ಇನ್ನೊಂದು ಕಾಣ್ತೈತಿ, ಸಣ್ಣ ಸಣ್ಣ ಓಡಾಟದ ಗಾಡ್ಯಾಗ ಆಯಿಲ್ ಕ್ಯಾಪ್ ತಗದ್ರ ಒಳಗ ಬಿಳಿ-ಹಳದಿ ಜಿಡ್ಡು, ಸುಟ್ಟಾಗ ಹುಟ್ಟಿದ ನೀರಿನ ಹಬಿ ಒಣಗಾಕ ಟೈಮ್ ಸಿಗದ ಆಯಿಲ್ ಜೊತಿಗೆ ಕೂಡಿದ್ದು ಅದು. ಕೂಲಂಟ್ ಕಮ್ಮಿ ಆಗದಿದ್ರ ಗಾಬರಿ ಬ್ಯಾಡ, ಕಮ್ಮಿ ಆಗಾಕ ಹತ್ತಿದ್ರ ಹೆಡ್ ಗ್ಯಾಸ್ಕೆಟ್ ತೋರಿಸ್ಬೇಕು, ಆ ಕತಿ ಬ್ಯಾರೆ.

ಚನ್ನಮ್ಮ ಸರ್ಕಲ್ ಸುತ್ತ ಟ್ರಾಫಿಕ್ಕಿನ್ಯಾಗ ಐಡಲ್ (ಎಂಜಿನ್ ಚಾಲೂ, ಆಕ್ಸಿಲರೇಟರ್ ಕೊಡದ) ನಿಂತು ನಿಂತು ಹೋಗೋದೂ ಹಂಗ, ಇಂಧನ ಸುಡ್ತೈತಿ, ಬಿಸಿ ಸಾಲಂಗಿಲ್ಲ. ಮತ್ತೊಂದು ಚಟ ಐತಿ ನಮ್ಮವ್ರಿಗೆ, ಮೈಲೇಜ್ ಬರ್ಲಿ ಅಂತ ಮೂವತ್ತರ ಸ್ಪೀಡಿನ್ಯಾಗ ಟಾಪ್ ಗೇರ್ ಹಾಕಿ ಗಾಡಿ ಗುಡುಗುಡು ಅನಿಸಿಕೋತ ಹೋಗೋದು. ಅದರಿಂದ ಮೈಲೇಜ್ ಉಳಿಯೋದು ಕಮ್ಮಿ, ಮಸಿ ಕೂಡೋದು ಹೆಚ್ಚು.

ಗದಗ, ರೋಣ ಕಡೆ ಎರಿ ಹೊಲದ ದಾರ್ಯಾಗ ಓಡಾಡೋ ಗಾಡಿಗೆ ತೊಂದ್ರಿ ಬ್ಯಾರೆ, ಅಲ್ಲಿ ಎಂಜಿನ್ ಬಿಸಿ ಆಗ್ತೈತಿ ಆದ್ರ ಧೂಳಿಗೆ ಏರ್ ಫಿಲ್ಟರ್ ಲಗೂನ ಕಟ್ಟಿಕೊಂತೈತಿ. ಕಡೀಕ ಗಾಳಿ ಕಮ್ಮಿ ಅನ್ನೋ ಲೆಕ್ಕಕ್ಕ ಬಂತು.

## ಯಾವ ಯಾವ ಜಾಗಾ

ಸ್ಪಾರ್ಕ್ ಪ್ಲಗ್ ಮೊದಲನೇದು, ಇದು ಕೈಗೆ ಸಿಗೋ ಜಾಗಾ. ಎರಡನೇದು ಥ್ರಾಟಲ್ ಬಾಡಿ. ಆಕ್ಸಿಲರೇಟರ್ ಕೊಟ್ಟಾಗ ಗಾಳಿಗೆ ದಾರಿ ಬಿಡೋ ಒಂದು ಗುಂಡನ ತಗಡು, ಅದ್ರ ಅಂಚಿಗೆ ಕರೀ ಜಿಡ್ಡು ಕುಂದರ್ತೈತಿ. ಐಡಲ್‌ನ್ಯಾಗ ಆ ತಗಡು ಕೂದಲೆಳಿಯಷ್ಟ ತಗದಿರ್ತೈತಿ, ಹಂಗಾಗಿ ಸ್ವಲ್ಪ ಜಿಡ್ಡಾದ್ರೂ ಐಡಲ್ ಏರಿಳಿತೈತಿ, ಸಿಗ್ನಲ್‌ನ್ಯಾಗ ಗಾಡಿ ಬಂದ್ ಬೀಳ್ತೈತಿ.

ಮೂರನೇದು ಸಿಲಿಂಡರ್ ಒಳಗ ಗಾಳಿ ಬಿಡೋ ಇನ್‌ಟೇಕ್ ವಾಲ್ವಿನ ಬೆನ್ನು. ಇಲ್ಲೆ ಒಂದು ಮಾತು ಸರಿಯಾಗಿ ತಿಳ್ಕೋಬೇಕು, ಯಾಕಂದ್ರ ಇಡೀ ವ್ಯಾಪಾರ ಇದ್ರ ಮ್ಯಾಲ ನಡದೈತಿ. ನಮ್ಮ ಕಡೆ ಹೆಚ್ಚು ಓಡೋ ಪೆಟ್ರೋಲ್ ಕಾರುಗಳು, ಬಿಎಸ್6 (ಈಗಿನ ಹೊಗಿ ನಿಯಮದ) ಸ್ಕೂಟಿ-ಬೈಕುಗಳು ಎಲ್ಲಾ ಪೋರ್ಟ್ ಇಂಜೆಕ್ಷನ್, ಅಂದ್ರ ಪೆಟ್ರೋಲ್ ಫವಾರಾ ವಾಲ್ವಿನ ಹಿಂದ ಬೀಳ್ತೈತಿ. ಪೆಟ್ರೋಲ್ ಅಂದ್ರ ತಾನ ಒಂದು ಸಾಲ್ವೆಂಟ್, ಬಿದ್ದು ಬಿದ್ದು ವಾಲ್ವ್ ತೊಳೀತೈತಿ. ಆದ್ರ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಅದಾವ, ಹುಂಡೈದ 1.0 ಟರ್ಬೊ ಜಿಡಿಐ, ಫೋಕ್ಸ್‌ವ್ಯಾಗನ್ ಸ್ಕೋಡಾದ ಟಿಎಸ್‌ಐ ಇಂಥಾವು, ಅವ್ರಾಗ ಪೆಟ್ರೋಲ್ ನೇರ ಸಿಲಿಂಡರ್ ಒಳಗ ಬೀಳ್ತೈತಿ, ವಾಲ್ವಿನ ಬೆನ್ನಿಗೆ ಒಂದು ಹನಿನೂ ತಾಗಂಗಿಲ್ಲ. ಮ್ಯಾಲಿಂದ ಆಯಿಲ್ ಹಬಿ ಬಂದು ಕುಂತಿದ್ದು ಕುಂತಂಗ. ಇದು ಕಂಪನಿ ಕೆಟ್ಟದು ಮಾಡೇತಿ ಅಂತಲ್ಲ, ಆ ಪದ್ಧತಿಯ ಗುಣಾನ ಹಂಗ, ಅದ್ರಿಂದ ಸಿಗೋ ತಾಕತ್ತಿಗೆ ಕೊಡೋ ಬೆಲಿ.

ನಾಲ್ಕನೇದು ಪಿಸ್ಟನ್ ತಲಿ ಮತ್ತ ಸಿಲಿಂಡರ್ ಹೆಡ್ ಒಳಗ. ಇಲ್ಲಿ ಪದರು ದಪ್ಪ ಆದ್ರ ಒಳಗಿನ ಜಾಗಾ ಕಮ್ಮಿ ಆಗಿ ಒತ್ತಡ ಏರ್ತೈತಿ, ಕೆಂಪಗ ಕಾದ ಕಾರ್ಬನ್ ತುಣುಕು ಸ್ಪಾರ್ಕ್ ಬರೋಕಿಂತ ಮೊದ್ಲ ಪೆಟ್ರೋಲ್‌ಗೆ ಕಿಡಿ ಹಚ್ಚತೈತಿ, ಏರು ಹತ್ತೋವಾಗ ಟಕ ಟಕ ನಾಕಿಂಗ್ ಸಪ್ಪಳ. ಕಾರ್ಬೊರೇಟರ್ ಗಾಡ್ಯಾಗ ಚಾವಿ ತಗದ ಮ್ಯಾಲೂ ಎಂಜಿನ್ ಎರಡು ಸರ್ತಿ ಗುದ್ದಾಡಿ ನಿಂದರ್ತೈತಲ್ಲ, ಅದೂ ಇದ.

ಐದನೇದು ಪಿಸ್ಟನ್ ಮ್ಯಾಲ ರಿಂಗ್ ಕುಂದರೋ ಸಂದಿ. ಕಾರ್ಬನ್ನಿಗೆ ರಿಂಗ್ ಜಾಮ್ ಆತಂದ್ರ ಆಯಿಲ್ ಮ್ಯಾಲ ಬಂದು ಸುಡ್ತೈತಿ. ಮುಂದ ಹೊಗಿ ಹೋಗೋ ದಾರ್ಯಾಗ ಇಜಿಆರ್, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ಡೀಸೆಲ್ ಇದ್ರ ಮಸಿ ಹಿಡಿಯೋ ಜಾಳಗಿ ಡಿಪಿಎಫ್. ಹಳೇ ಟೂ ಸ್ಟ್ರೋಕ್ ಗಾಡಿ ಇಟ್ಕೊಂಡವ್ರಿಗೆ, ಆರ್‌ಎಕ್ಸ್ 100 ಇನ್ನೂ ಮಗನಂಗ ಸಾಕಿದವ್ರು ಹುಬ್ಬಳ್ಳ್ಯಾಗ ಕಮ್ಮಿ ಏನಿಲ್ಲ, ಅವ್ರಿಗೆ ಸೈಲೆನ್ಸರ್ ಒಳಗಿನ ಬ್ಯಾಫಲ್ ಪೈಪ್ ಮುಖ್ಯ. ಅಲ್ಲೆ ಆಯಿಲ್ಲು ಪೆಟ್ರೋಲ್ ಜೊತಿಗೇ ಸುಡ್ತೈತಿ, ಹಂಗಾಗಿ ಕಾರ್ಬನ್ ತಗಿಯೋದು ಅಂದ್ರ ಮಾಮೂಲಿ ಕೆಲಸ.

## ಮೊದ್ಲ ಇದು ಕಾರ್ಬನ್ನೋ ಅಲ್ಲೋ ನೋಡ್ರಿ

ಮೈಲೇಜ್ ಬಿತ್ತಂದ್ರ ಮೊದ್ಲ ಟೈರ್ ಗಾಳಿ ನೋಡ್ರಿ, ಬ್ರೇಕ್ ಹಿಡದಂಗ ಆಗೇತೇನು ನೋಡ್ರಿ, ಕ್ಲಚ್ ಜಾರಾಕ ಹತ್ತೇತೇನು ನೋಡ್ರಿ. ಇವು ಪುಕ್ಕಟ ಚೆಕ್.

ಇ20 ಲೆಕ್ಕನೂ ಇಲ್ಲೇ ಬರ್ತೈತಿ. ಎಥೆನಾಲ್‌ನ್ಯಾಗ ಲೀಟರ್‌ಗೆ ಇರೋ ಶಕ್ತಿ ಪೆಟ್ರೋಲ್‌ಕಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ, ಹಂಗಾಗಿ ನೂರಕ್ಕ ಇಪ್ಪತ್ತು ಕೂಡಿಸಿದ್ರ ಲೀಟರ್‌ನ ಶಕ್ತಿ ನೂರಕ್ಕ ಆರೇಳು ಇಳೀತೈತಿ. ಅಷ್ಟ ಮೈಲೇಜ್ ಕಮ್ಮಿ ಆಗಿದ್ರ ಅದನ್ನ ಯಾವ ಡಿಕಾರ್ಬನೈಸಿಂಗ್ ಮಷೀನೂ ವಾಪಸ್ ತರಂಗಿಲ್ಲ. ಎಥೆನಾಲ್ ಒಳಗ ಆಕ್ಸಿಜನ್ ಇರೋದ್ರಿಂದ ಮಸಿ ಕಮ್ಮೀನ ಆಗ್ತೈತಿ. ಹಳೇ ಟ್ಯಾಂಕಿನ ತಳದಾಗಿನ ಗಸಿ ಬಿಡಿಸಿ ಫಿಲ್ಟರ್‌ಗೆ ತಂದು ಹಾಕೋದು ಮಾತ್ರ ಆಗಬಹುದು, ಅದಕ್ಕ ಫಿಲ್ಟರ್ ಬದಲಿಸ್ಬೇಕು.

ಇನ್ನ ಹೊಗಿ ಬಣ್ಣ. ಕರೀ ಹೊಗಿ ಅಂದ್ರ ಇಂಧನ ಹೆಚ್ಚು ಗಾಳಿ ಕಮ್ಮಿ. ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕ ಹತ್ತೇತಿ, ರಿಂಗ್ ಇಲ್ಲಾ ವಾಲ್ವ್ ಸೀಲ್. ಮುಂಜಾನೆ ಚಳಿಗೆ ಬರೋ ಬಿಳಿ ಹಬಿ ಎರಡು ನಿಮಿಷಕ್ಕ ಹೋದ್ರ ಅದು ನೀರು, ಹೋಗದನ ಉಳದ್ರ ಮೆಕ್ಯಾನಿಕ್ ಕಡೆ ಹೋಗ್ರಿ.

ಕಾರಿನ್ಯಾಗ ಸ್ಟೇರಿಂಗ್ ಕೆಳಗ ಒಬಿಡಿ ಪೋರ್ಟ್ ಇರ್ತೈತಿ, ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದ್ರ ಮೊಬೈಲ್‌ನ್ಯಾಗ ಕೋಡ್ ಓದಬಹುದು. ಪಿ0300 ಅಂದ್ರ ಮಿಸ್‌ಫೈರ್, ಪಿ0401 ಅಂದ್ರ ಇಜಿಆರ್‌ಲಿಂದ ಹೊಗಿ ಸಾಕಷ್ಟು ಬರವಲ್ದು, ಪಿ2463 ಅಂದ್ರ ಡಿಪಿಎಫ್ ಒಳಗ ಮಸಿ ತುಂಬೇತಿ. ಕೋಡ್ ಬಂದ ಕೂಡ್ಲೆ ಪಾರ್ಟ್ ಕೆಟ್ಟೈತಿ ಅಂತ ಅರ್ಥ ಅಲ್ಲ, ಎಲ್ಲೆ ನೋಡಬೇಕು ಅನ್ನೋದು ಗೊತ್ತಾಗ್ತೈತಿ ಅಷ್ಟ.

## ಪ್ಲಗ್ ಬಿಚ್ಚಿ ನೋಡೋದು

ಮನ್ಯಾಗ ಮಾಡೋ ಕೆಲಸದಾಗ ಎಲ್ಲಾಕಿಂತ ಹೆಚ್ಚು ಸುದ್ದಿ ಹೇಳೋದು ಇದ, ಬೈಕಿನವ್ರಂತೂ ಕಲೀಲಿಕ್ಕೇಬೇಕು. ಎಂಜಿನ್ ಪೂರ್ತಿ ತಣ್ಣಗ ಆಗಿರಬೇಕು, ಬಿಸಿ ಅಲ್ಯೂಮಿನಿಯಂ ಹೆಡ್‌ನ್ಯಾಗ ಪ್ಲಗ್ ತಿರುವಿದ್ರ ಥ್ರೆಡ್ ಕಿತ್ಕೊಂಡು ಬರ್ತೈತಿ, ಆಮ್ಯಾಲ ಪ್ಲಗ್ಗಿನ ನೂರಿನ್ನೂರು ರೂಪಾಯಿ ಕೆಲಸ ಹೋಗಿ ಲೇತ್ ಮಷೀನಿನ ಕೆಲಸ ಆಗ್ತೈತಿ. ಕ್ಯಾಪ್ ತಗದು, ಪ್ಲಗ್ ಸುತ್ತಿನ ಧೂಳು ಊದ್ರಿ, ಸೈಕಲ್ ಪಂಪ್ ಇದ್ರ ಅದರ್ಲೆ ಹೊಡೀರಿ, ಇಲ್ಲಾಂದ್ರ ಪ್ಲಗ್ ತಗದ ಕೂಡ್ಲೆ ಆ ಮಣ್ಣು ಸೀದಾ ಸಿಲಿಂಡರ್ ಒಳಗ. ಆಮ್ಯಾಲ ಪ್ಲಗ್ ಪಾನಾ ಹಾಕಿ ಬಿಚ್ಚ್ರಿ. ಕಾರಿನ್ಯಾಗ ನಾಲ್ಕು ಇದ್ರ ಯಾವ್ದು ಎಲ್ಲಿದ್ದು ಅನ್ನೋದು ಸಾಲಾಗಿ ಇಡ್ರಿ, ಮೂರು ಛಲೋ ಇದ್ದು ಒಂದ ಕರ್ರಗ ಇದ್ರ ತೊಂದ್ರಿ ಆ ಒಂದು ಸಿಲಿಂಡರ್‌ದು ಅಂತ ತಿಳೀತೈತಿ.

ಈಗ ಬಣ್ಣ ಓದ್ರಿ. ತುದಿ ತಿಳಿ ಕಂದು ಇಲ್ಲಾ ಬೂದು ಇದ್ರ ಎಂಜಿನ್ ಛಲೋ ಸುಡಾಕ ಹತ್ತೇತಿ, ಏನೂ ಮಾಡಬ್ಯಾಡ್ರಿ, ವಾಪಸ್ ಹಾಕ್ರಿ, ಡಿಕಾರ್ಬನೈಸಿಂಗ್ ಅಂತ ಯಾರರ ಕೇಳಿದ್ರ ಈ ಪ್ಲಗ್ ನೆನಪು ಮಾಡ್ಕೋರಿ. ಒಣ ಕರೀ ಮಸಿ, ಬೆರಳಿಗೆ ಹತ್ತತೈತಿ ಅಂದ್ರ ರಿಚ್ ಓಡಾಕ ಹತ್ತೇತಿ ಇಲ್ಲಾ ಗಾಡಿ ಬಿಸಿನ ಆಗವಲ್ದು: ಏರ್ ಫಿಲ್ಟರ್, ಚೋಕ್, ಸಣ್ಣ ಓಡಾಟ ಇವನ್ನ ಹುಡುಕ್ರಿ. ಕರ್ರಗ ಇದ್ದು ಹಸಿ ಹಸಿ ಆಯಿಲ್ ಇದ್ರ ಅದು ಕಾರ್ಬನ್ ತೊಳದು ಹೋಗೋ ಕಾಯಿಲಿ ಅಲ್ಲ, ಆಯಿಲ್ ಮ್ಯಾಲ ಬರಾಕ ಹತ್ತೇತಿ. ತುದಿ ಬೆಳ್ಳಗ ಸುಟ್ಟಂಗ ಇದ್ರ ಎಂಜಿನ್ ಲೀನ್, ಭಾಳ ಬಿಸಿ ಆಗಾಕ ಹತ್ತೇತಿ, ಅದನ್ನ ಬಿಟ್ರ ಪಿಸ್ಟನ್ನಿಗೆ ಕುತ್ತು.

ಮಾಮೂಲಿ ನಿಕಲ್ ಪ್ಲಗ್ ಇದ್ರ ಮೆತ್ತಗಿನ ಹಿತ್ತಾಳಿ ತಂತಿ ಬ್ರಷ್‌ಲೆ ತಿಕ್ಕಿ, ಪ್ಲಗ್ ಕ್ಲೀನರ್ ಸ್ಪ್ರೇ ಹೊಡದು ಒಣಗಿಸಿದ್ರ ಆತು. ಎಮರಿ ಪೇಪರ್ ಬ್ಯಾಡ, ಅದ್ರ ಮರಳು ಕಾಳು ಸಂದ್ಯಾಗ ಉಳದು ಸಿಲಿಂಡರ್ ಒಳಗ ಉದರ್ತೈತಿ. ಇರಿಡಿಯಂ ಪ್ಲಗ್ ಇದ್ರ ಬ್ರಷ್‌ನೂ ಹಚ್ಚಬ್ಯಾಡ್ರಿ, ಅದ್ರ ತುದಿ ಸೂಜಿಯಷ್ಟ ಸಣ್ಣ, ಮುರೀತೈತಿ. ಗ್ಯಾಪ್, ಅಂದ್ರ ಕಿಡಿ ಹಾರೋ ಸಂದಿ, ಎಷ್ಟು ಇರಬೇಕು ಅನ್ನೋದು ಗಾಡಿ ಪುಸ್ತಕದಾಗ ಬರದಿರ್ತೈತಿ, ಫೀಲರ್ ಗೇಜ್ ಹಾಕಿ ನೋಡ್ರಿ. ವಾಪಸ್ ಹಾಕೋವಾಗ ಪಾನಾ ಇಲ್ಲದ ಕೈಲೇ ಪೂರ್ತಿ ಕುಂದರೋ ತನಕ ತಿರುವ್ರಿ, ಕೈಲೆ ಹೋಗವಲ್ದು ಅಂದ್ರ ಥ್ರೆಡ್ ಅಡ್ಡ ಹತ್ತೇತಿ, ತಗದು ಮತ್ತ ಹಾಕ್ರಿ. ಆಮ್ಯಾಲ ಪಾನಾ ಹಾಕಿ, ಹೊಸಾ ಪ್ಲಗ್ ಇದ್ರ ಅರ್ಧ ಸುತ್ತು, ಅದ ಹಳೇದಿದ್ರ ವಾಷರ್ ಮೊದ್ಲ ಒತ್ತಿರ್ತೈತಿ, ಸ್ವಲ್ಪನ ಬಿಗಿದ್ರ ಸಾಕು. ಜೋರ್ ತೋರಿಸೋ ಜಾಗಾ ಅಲ್ಲ ಇದು.

ಪ್ಲಗ್ ತೊಳದ್ರ ಕಾರಣ ಹೋಗಂಗಿಲ್ಲ. ಏರ್ ಫಿಲ್ಟರ್ ಕಟ್ಟಿದ್ದು ಹಂಗ ಇದ್ರ ಒಂದು ತಿಂಗಳಿಗೆ ಅದ ಪ್ಲಗ್ ಅದ ಬಣ್ಣ. ಫಿಲ್ಟರ್ ವಿಷಯದಾಗ ಒಂದು ಎಚ್ಚರ: ಭಾಳ ಸ್ಕೂಟಿ-ಬೈಕಿನ್ಯಾಗ ಎಣ್ಣಿ ಸವರಿದ ಪೇಪರ್ ಫಿಲ್ಟರ್ ಇರ್ತೈತಿ, ಅದನ್ನ ಏರ್ ಹೊಡದು ಪೆಟ್ರೋಲ್‌ನ್ಯಾಗ ತೊಳದು ಹಾಕೋ ರೂಢಿ ನಮ್ಮ ಕಡೆ ಐತಿ, ಹಂಗ ಮಾಡಂಗಿಲ್ಲ, ಅದನ್ನ ಬದಲಿಸೋದ. ಒಣ ಪೇಪರ್ ಇದ್ರ ಜಾಡಿಸ್ಬಹುದು, ಫೋಮ್ ಇದ್ರ ತೊಳೀಬಹುದು.

## ಥ್ರಾಟಲ್ ಬಾಡಿ ಒರಸೋದು

ಇದೂ ಮನ್ಯಾಗ ಆಗೋ ಕೆಲಸ, ಸ್ಕ್ರೂ ಡ್ರೈವರ್ ಹಿಡಿಯಾಕ ಬಂದ್ರ ಸಾಕು. ಎಂಜಿನ್ ತಣ್ಣಗ, ಚಾವಿ ತಗದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಇಡ್ರಿ. ಬಯಲಾಗ ಮಾಡ್ರಿ, ಆ ಸ್ಪ್ರೇ ಪೆಟ್ರೋಲ್‌ನಂಗ ಹತ್ತಿಕೊಂತೈತಿ, ಹತ್ರ ಬೀಡಿ ಸಿಗರೇಟ್ ಸೇದೋರು ನಿಂತಿರಬಾರ್ದು. ಏರ್ ಫಿಲ್ಟರ್‌ಲಿಂದ ಎಂಜಿನ್‌ಗೆ ಬರೋ ರಬ್ಬರ್ ಪೈಪಿನ ಕ್ಲಿಪ್ ಸಡಲಿಸಿ ತಗದ್ರ ಒಳಗ ಗುಂಡನ ತಗಡು ಕಾಣ್ತೈತಿ.

ಥ್ರಾಟಲ್ ಬಾಡಿ ಕ್ಲೀನರ್ ಅಂತ ಡಬ್ಬಿ ಮ್ಯಾಲ ಬರದಿದ್ದನ್ನ ತಗೋರಿ, ಕಾರ್ಬೊರೇಟರ್ ಕ್ಲೀನರ್ ಕೆಲವೊಂದು ಭಾಳ ಖಾರ ಇರ್ತಾವ, ಥ್ರಾಟಲ್‌ಗೆ ಕಂಪನಿ ಬಳದಿರೋ ಕೋಟಿಂಗ್ ಕಿತ್ತು ತಗೀತಾವ. ಸೀದಾ ಒಳಗ ಸುರುವಬ್ಯಾಡ್ರಿ, ಎಳಿ ಬಿಡದ ಬಟ್ಟಿಗೆ ಹೊಡದು ತಗಡಿನ ಅಂಚು, ಸುತ್ತಿನ ಗ್ವಾಡಿ ಒರಸ್ರಿ, ಬಟ್ಟಿ ಕರ್ರಗ ಬರೋದು ನಿಂತ್ರ ಆತು. ಈಗಿನ ಗಾಡ್ಯಾಗ ಆ ತಗಡು ತಿರುವೋದು ವೈರ್ ಅಲ್ಲ, ಸಣ್ಣ ಮೋಟರ್, ಬೆರಳಿಲೆ ಜೋರಾಗಿ ನೂಕಿದ್ರ ಅದ್ರ ಗೇರ್ ಹಾಳು. ಪಕ್ಕದಾಗ ಗಾಳಿ ಅಳಿಯೋ ಸೆನ್ಸರ್ ಇದ್ರ ಅದಕ್ಕ ಈ ಸ್ಪ್ರೇ ತಾಗಸಬ್ಯಾಡ್ರಿ, ಅದ್ರ ಸ್ಪ್ರೇನ ಬ್ಯಾರೆ.

ವಾಪಸ್ ಕೂಡಿಸಿ ಚಾಲೂ ಮಾಡಿದ್ರ ಮೊದ್ಲ ಸ್ವಲ್ಪ ಹೊಗಿ ಬರ್ತೈತಿ, ಐಡಲ್ ಮ್ಯಾಲ ಕೆಳಗ ಆಗ್ತೈತಿ. ಕಂಪ್ಯೂಟರ್ ಇಷ್ಟು ದಿನ ಜಿಡ್ಡಿನ ಲೆಕ್ಕ ಹಿಡದು ತಗಡು ಹೆಚ್ಚು ತಗದಿತ್ತು, ಈಗ ಹೊಸಾ ಲೆಕ್ಕ ಕಲೀಬೇಕು. ಕೆಲವು ಗಾಡಿ ಓಡಿಸಿಕೋತನ ಕಲೀತಾವ, ಕೆಲವಕ್ಕ ಸ್ಕ್ಯಾನರ್ ಹಾಕಿ ಐಡಲ್ ಕಲಿಸ್ಬೇಕು. ಪುಸ್ತಕ ನೋಡಿ ಕೈ ಹಾಕ್ರಿ.

## ಟ್ಯಾಂಕಿಗೆ ಹಾಕೋ ಬಾಟ್ಲಿ

ಫ್ಯುಯೆಲ್ ಸಿಸ್ಟಮ್ ಕ್ಲೀನರ್, ಇಂಜೆಕ್ಟರ್ ಕ್ಲೀನರ್ ಅಂತ ಸಿಗ್ತಾವ. ಅವ್ರ ಒಳಗ ಏನೈತಿ ಅನ್ನೋದು ಮುಖ್ಯ. ಪಾಲಿಈಥರ್ ಅಮೈನ್, ಡಬ್ಬಿ ಮ್ಯಾಲ ಪಿಇಎ ಅಂತಿರ್ತೈತಿ, ಇದು ಬಿಸಿ ತಡ್ಕೊಂಡು ಸಿಲಿಂಡರ್ ಒಳಗಿನ ಕಾರ್ಬನ್ ತನಕ ಮುಟ್ಟೋ ಡಿಟರ್ಜೆಂಟ್. ಪಾಲಿಐಸೊಬ್ಯುಟಿಲೀನ್ ಅಮೈನ್ ಅಂತ ಇನ್ನೊಂದು, ಅದು ಇಂಜೆಕ್ಟರ್ ಮತ್ತ ವಾಲ್ವಿಗೆ ನಡೀತೈತಿ. ಬಾಟ್ಲಿ ಮ್ಯಾಲ ಹೇಳಿದ ಅಳತಿ ಹಾಕಿ, ಟ್ಯಾಂಕ್ ತುಂಬಿಸಿ, ಆ ಟ್ಯಾಂಕ್ ಮುಗಿಯೋ ತನಕ ಓಡಿಸೋದು. ಎರಡು ಪಟ್ಟು ಹಾಕಿದ್ರ ಎರಡು ಪಟ್ಟು ಸ್ವಚ್ಛ ಆಗಂಗಿಲ್ಲ.

ಪೋರ್ಟ್ ಇಂಜೆಕ್ಷನ್ ಗಾಡಿಗೆ ಇದು ಮೆಲ್ಲಕ ಆದ್ರೂ ಕೆಲಸ ಮಾಡ್ತೈತಿ. ಡೈರೆಕ್ಟ್ ಇಂಜೆಕ್ಷನ್ ಗಾಡ್ಯಾಗ ಇಂಜೆಕ್ಟರ್ ಮತ್ತ ಪಿಸ್ಟನ್ ತಲಿಗೆ ಸರಿ, ವಾಲ್ವ್ ಬೆನ್ನಿಗೆ ಮಾತ್ರ ಶೂನ್ಯ, ಯಾಕಂದ್ರ ಮ್ಯಾಲ ಹೇಳಿದಂಗ ಪೆಟ್ರೋಲ್ ಅಲ್ಲಿಗೆ ಹೋಗೋದ ಇಲ್ಲ. ಅಂಥಾ ವಾಲ್ವಿಗೆ ದೊಡ್ಡ ವರ್ಕ್‌ಶಾಪ್‌ನ್ಯಾಗ ಗಾಳಿ ಹೋಗೋ ಪೈಪ್ (ಮ್ಯಾನಿಫೋಲ್ಡ್) ಬಿಚ್ಚಿ ಅಖ್ರೋಟ್ ಸಿಪ್ಪಿ ಪುಡಿ ಗಾಳಿ ಜೋರಿಲೆ ಹೊಡದು ಸ್ವಚ್ಛ ಮಾಡ್ತಾರ. ಸಿಪ್ಪಿ ಯಾಕಂದ್ರ ಕಾರ್ಬನ್ ಕಿತ್ತು ತಗಿಯುವಷ್ಟು ಗಟ್ಟಿ, ಲೋಹ ಕೆರೆಯುವಷ್ಟು ಅಲ್ಲ. ಮನಿ ಕೆಲಸ ಅಲ್ಲ ಅದು.

ಪುಕ್ಕಟ ಉಪಾಯ ಒಂದೈತಿ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿ ಆದ ಮ್ಯಾಲ ಅರ್ಧ ತಾಸು ಗದಗ ರೋಡಿಗೋ ಹಾವೇರಿ ಕಡೆ ಹೈವೇಗೋ ಒಂದು ಗೇರ್ ಕಮ್ಮಿ ಇಟ್ಟು ಎಂಜಿನ್ ಸ್ವಲ್ಪ ಏರು ಧ್ವನಿಯೊಳಗ ಓಡಿಸ್ರಿ, ಸ್ಪೀಡ್ ಲಿಮಿಟ್ ಒಳಗನ. ಮೆತ್ತಗಿನ ಮಸಿ, ಪ್ಲಗ್ ತುದಿ, ಆಯಿಲ್ ಒಳಗಿನ ನೀರು ಇಷ್ಟಕ್ಕ ಇದು ಛಲೋ. ವರ್ಷಗಟ್ಲೆ ಗಟ್ಟಿ ಆದ ಕಿಟ್ಟ ಇದಕ್ಕ ಹೋಗಂಗಿಲ್ಲ.

## ಮಾಡಬಾರದ್ದು

ನೀರಿನ ಉಪಾಯ. ಸಣ್ಣ ಹನಿ ನೀರು ಬಿಸಿ ಸಿಲಿಂಡರ್ ಒಳಗ ಹಬಿ ಆಗಿ ಕಾರ್ಬನ್ ಸಡಲಿಸ್ತೈತಿ ಅನ್ನೋದು ಸುಳ್ಳಲ್ಲ. ಆದ್ರ ಲೆಕ್ಕ ನೋಡ್ರಿ: 1200 ಸಿಸಿ ನಾಲ್ಕು ಸಿಲಿಂಡರ್ ಕಾರಿನ್ಯಾಗ ಒಂದೊಂದಕ್ಕ 300 ಸಿಸಿ, 10ಕ್ಕ 1 ಕಂಪ್ರೆಶನ್ ಇದ್ರ ಪಿಸ್ಟನ್ ಮ್ಯಾಲ ಬಂದಾಗ ಉಳಿಯೋ ಜಾಗಾ ಬರೇ 33 ಎಂ.ಎಲ್. ಗಾಳಿ ಒತ್ತಿದ್ರ ಒತ್ತಿಸ್ಕೊಂತೈತಿ, ನೀರು ಒತ್ತಿಸ್ಕೊಳ್ಳಂಗಿಲ್ಲ. ಆ ಜಾಗಾ ತುಂಬುವಷ್ಟು ನೀರು ಒಂದ ಸಿಲಿಂಡರ್‌ಗೆ ಒಮ್ಮೆಲೆ ಹೋತಂದ್ರ ಕನೆಕ್ಟಿಂಗ್ ರಾಡ್ ಬಾಗ್ತೈತಿ, ಎಂಜಿನ್ ಬಿಚ್ಚೋದ ದಾರಿ. ಮಳ್ಯಾಗ ಅಂಡರ್‌ಪಾಸ್ ನೀರಿಗೆ ಇಳದ ಕಾರು ಕೆಡೋದು ಇದ ಕಾರಣಕ್ಕ.

ಕಾಸ್ಟಿಕ್ ಸೋಡಾ. ಟೂ ಸ್ಟ್ರೋಕಿನ ಕಬ್ಬಿಣದ ಬ್ಯಾಫಲ್ ಪೈಪಿಗೆ ಹಳೇ ಮೆಕ್ಯಾನಿಕ್‌ಗಳು ಹಾಕ್ತಿದ್ರು, ಅದು ಸರಿ. ಅದನ್ನ ನೋಡಿ ಪಿಸ್ಟನ್ನಿಗೆ, ಹೆಡ್ಡಿಗೆ, ಕಾರ್ಬೊರೇಟರ್‌ಗೆ ಹಾಕಿದ್ರ ಅವು ಅಲ್ಯೂಮಿನಿಯಂ, ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನ ತಿಂದು ಹತ್ತಿಕೊಳ್ಳೋ ಹೈಡ್ರೋಜನ್ ಗ್ಯಾಸ್ ಬಿಡ್ತೈತಿ. ಕಣ್ಣಿಗೆ ಸಿಡದ್ರಂತೂ ಕೇಳಬ್ಯಾಡ್ರಿ.

ಆಯಿಲ್ ಒಳಗ ಸೀಮೆಎಣ್ಣಿ ಇಲ್ಲಾ ಡೀಸೆಲ್ ಹಾಕಿ ಎಂಜಿನ್ ಓಡಿಸೋದು. ಆಯಿಲ್ ತೆಳ್ಳಗಾಗಿ ಬೇರಿಂಗ್‌ಗೆ ಜಿಡ್ಡು ಸಿಗಂಗಿಲ್ಲ, ಮತ್ತ ತಳದಾಗಿನ ಹಳೇ ಗಸಿ ತುಣುಕಾಗಿ ಎದ್ದು ಆಯಿಲ್ ಪಂಪಿನ ಜಾಳಗಿ ಕಟ್ಟತೈತಿ. ಅದರ ಬದಲಿ ಸರಿಯಾದ ಗ್ರೇಡಿನ ಆಯಿಲ್ಲನ್ನ ವ್ಯಾಳ್ಯಾಕ್ಕ ಬದಲಿಸಿದ್ರ, ಆಯಿಲ್‌ನ್ಯಾಗ ಇರೋ ಡಿಟರ್ಜೆಂಟ್ ಅದ ಕೆಲಸ ನಿಧಾನಕ್ಕ ಮಾಡ್ತೈತಿ.

ಒಂದು ಮಾತು ಬಿಟ್ಟಿದ್ದೆ, ಶಟರ್ ಎಳದ ಗ್ಯಾರೇಜಿನ್ಯಾಗ ಎಂಜಿನ್ ಚಾಲೂ ಇಟ್ಟು ಏನೂ ಮಾಡಬ್ಯಾಡ್ರಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನಿ ಇಲ್ಲ, ಜೀವ ತಗೀತೈತಿ.

## ಹೈಡ್ರೋಜನ್ ಮಷೀನ್

ಡಿಕಾರ್ಬನೈಸಿಂಗ್ ಅಂತ ಬಿಲ್ ಹಾಕೋದ್ರಾಗ ಎರಡು ತರ. ಒಂದ್ರಾಗ ಗಾಳಿ ಪೈಪಿಗೆ ಫೋಮ್ ಇಲ್ಲಾ ಕೆಮಿಕಲ್ ಬಿಡ್ತಾರ. ಇನ್ನೊಂದ್ರಾಗ ನೀರಿಗೆ ಕರೆಂಟ್ ಹಾಯಿಸಿ ಬರೋ ಹೈಡ್ರೋಜನ್ ಆಕ್ಸಿಜನ್ ಗ್ಯಾಸ್‌ನ ಐಡಲ್ ಇದ್ದ ಎಂಜಿನ್‌ಗೆ ಅರ್ಧ ತಾಸು ಬಿಡ್ತಾರ. ಈ ಗ್ಯಾಸ್ ಸುಡೋದು ಸಿಲಿಂಡರ್ ಒಳಗ, ಆದದ್ದಾದ್ರ ಪಿಸ್ಟನ್ ತಲಿ ಮ್ಯಾಲ, ಅದ್ರ ಮುಂದ ಹೊಗಿ ದಾರ್ಯಾಗ ಏನರ ಆಗಬೇಕು. ವಾಲ್ವ್ ಬೆನ್ನಿಗೆ, ಥ್ರಾಟಲ್‌ಗೆ ಅಲ್ಲೆ ಉರಿನ ಇಲ್ಲ, ಬರೇ ಗ್ಯಾಸ್ ಹಾದು ಹೋಗ್ತೈತಿ. ಮಾಡಿಸ್ಲೇಬೇಕು ಅಂತಿದ್ರ ಪ್ಲಗ್ ತೂತಿನ್ಯಾಗ ಸಣ್ಣ ಕ್ಯಾಮೆರಾ ಬಿಟ್ಟು ಪಿಸ್ಟನ್ ತಲಿ ಫೋಟೊ ಮೊದ್ಲೊಂದು, ಆಮ್ಯಾಲೊಂದು ತೋರಸ್ರಿ ಅಂತ ಕೇಳ್ರಿ. ಬೋರ್‌ಸ್ಕೋಪ್ ಅಂತಾರ ಅದಕ್ಕ. ಸೈಲೆನ್ಸರ್‌ಲಿಂದ ಕರೀ ನೀರು ಬಂತು ನೋಡ್ರಿ ಅಂತ ತೋರಿಸೋದು ಲೆಕ್ಕಕ್ಕಿಲ್ಲ, ಯಾವ ಸೈಲೆನ್ಸರ್ ಒಳಗಾದ್ರೂ ಹಬಿ ಹಾಯಿಸಿದ್ರ ಕರೀ ನೀರ ಬರ್ತೈತಿ.

## ಡೀಸೆಲ್ ಇದ್ದವ್ರಿಗೆ

2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮ್ಯಾಲ ಡೀಸೆಲ್ ಕಾರುಗಳಿಗೆ ಹೊಗಿ ದಾರ್ಯಾಗ ಡಿಪಿಎಫ್ ಅನ್ನೋ ಜಾಳಗಿ ಬಂದೈತಿ, ಮಸಿ ಹೊರಗ ಹೋಗದಂಗ ಹಿಡ್ಕೊಂತೈತಿ. ಹಿಡದ ಮಸಿನ ಗಾಡಿ ತಾನ ಸುಮಾರು 600 ಡಿಗ್ರಿ ತನಕ ಕಾಯಿಸಿ ಸುಡ್ತೈತಿ, ಇದಕ್ಕ ರೀಜನರೇಶನ್ ಅಂತಾರ. ಅದಕ್ಕ ಹದಿನೈದು ಇಪ್ಪತ್ತು ನಿಮಿಷ ನಿಲ್ಲದ ಓಡೋದು ಬೇಕು. ಬ್ಯಾಡಗಿ ಮಾರ್ಕೆಟ್‌ಲಿಂದ ಹೈವೇ ಹಿಡದು ಹುಬ್ಬಳ್ಳಿ ಕಡೆ ಮೆಣಸಿನಕಾಯಿ ಚೀಲ ಹೊತ್ತು ಬರೋ ಗಾಡಿಗೆ ಇದು ತಾನ ಆಗ್ತೈತಿ, ಅದ ಗಾಡಿ ಊರಾಗ ಓಣಿ ಓಣಿ ತಿರುಗಿದ್ರ ಅರ್ಧಕ್ಕ ನಿಂತು ನಿಂತು ಡಿಪಿಎಫ್ ತುಂಬತೈತಿ. ಲೈಟ್ ಬಂದ್ರ ಎಂಜಿನ್ ಬಂದ್ ಮಾಡಬ್ಯಾಡ್ರಿ, ಪುಸ್ತಕದಾಗ ಹೇಳಿದಂಗ ಹೈವೇಗೆ ಓಡಿಸ್ರಿ. ಲೈಟ್ ಮಿಣುಕಾಕ ಹತ್ತಿ ಗಾಡಿ ಎಳಿಯೋದ ಕಮ್ಮಿ ಮಾಡಿತಂದ್ರ ವ್ಯಾಳ್ಯಾ ಮೀರೇತಿ, ವರ್ಕ್‌ಶಾಪ್‌ನ್ಯಾಗ ಸ್ಕ್ಯಾನರ್ ಹಾಕಿ ಸುಡಿಸ್ಬೇಕು.

ಡಿಪಿಎಫ್ ಬಿಚ್ಚಿ ಪೈಪ್ ಹಚ್ಚಿ ನೀರು ಹೊಡಿಯೋದು, ಒಳಗಿನ ಜಾಳಗಿ ಒಡದು ತಗಿಯೋದು, ಇಜಿಆರ್‌ಗೆ ತಗಡು ಬಡಿಯೋದು ಇವು ಅಲ್ಲಿ ಇಲ್ಲಿ ನಡೀತಾವ, ಕಂಪ್ಯೂಟರ್ ಕಂಡುಹಿಡದು ಲೈಟ್ ಹಚ್ಚತೈತಿ. ಇಜಿಆರ್ ವಾಲ್ವ್ ಸ್ವಚ್ಛ ಮಾಡೋದು ಆಗೋ ಕೆಲಸಾನ, ಗ್ಯಾಸ್ಕೆಟ್ ಹೊಸಾದು ಹಾಕ್ಬೇಕು, ಅದ್ರ ಮೋಟರ್ ಭಾಗ ಕೆಮಿಕಲ್‌ನ್ಯಾಗ ಮುಳಗಿಸಬಾರ್ದು, ಕೈ ಪಳಗಿದವ್ರು ಮಾತ್ರ. ಮತ್ತ ಡಿಪಿಎಫ್ ಇರೋ ಗಾಡಿಗೆ ಕಮ್ಮಿ ಬೂದಿ ಆಗೋ ಆಯಿಲ್ ಬ್ಯಾರೆನ ಬರ್ತೈತಿ. ಮಸಿ ಸುಟ್ಟು ಹೋಗ್ತೈತಿ, ಆಯಿಲ್ ಬೂದಿ ಸುಡಂಗಿಲ್ಲ, ಅಲ್ಲೇ ಉಳೀತೈತಿ. ಸಾದಾ ಅಗ್ಗದ ಆಯಿಲ್ ಹಾಕಿ ಉಳಿಸಿದ ರೊಕ್ಕ ಡಿಪಿಎಫ್ ಬೆಲಿ ಮುಂದ ಏನೂ ಅಲ್ಲ.

## ಫರಕು ಬಿತ್ತೋ ಇಲ್ಲೋ

ಕೆಲಸ ಆದ ಮ್ಯಾಲ ‘ಹಗುರ ಆತು’ ಅನ್ನಿಸೋದು ನಂಬಬ್ಯಾಡ್ರಿ, ಸರ್ವಿಸಿಂಗ್ ಮಾಡಿಸಿ ತೊಳದ ಗಾಡಿ ಯಾವಾಗ್ಲೂ ಹಗುರ ಅನಿಸ್ತೈತಿ. ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರದಿಡ್ರಿ, ಮುಂದಿನ ಸರ್ತಿ ಅದ ಬಂಕಿನ್ಯಾಗ ಮತ್ತ ಪೂರ್ತಿ ತುಂಬಿಸಿ ಎಷ್ಟು ಲೀಟರ್ ಹಿಡೀತು ನೋಡಿ ಭಾಗಿಸ್ರಿ. ಕೆಲಸಕ್ಕಿಂತ ಮೊದ್ಲ ಒಂದೆರಡು ಟ್ಯಾಂಕ್, ಆಮ್ಯಾಲ ಒಂದೆರಡು ಟ್ಯಾಂಕ್, ಅದ ದಾರಿ ಅದ ಓಡಾಟ ಇರಬೇಕು. ಪ್ಲಗ್ಗನ್ನ ಒಂದೆರಡು ತಿಂಗಳು ಬಿಟ್ಟು ಮತ್ತ ಬಿಚ್ಚಿ ನೋಡ್ರಿ, ಕಂದು ಬಣ್ಣಕ್ಕ ತಿರುಗಿದ್ರ ಕಾರಣಾನೂ ಹೋಗೇತಿ, ಕರ್ರಗ ಇದ್ರ ಏರ್ ಫಿಲ್ಟರ್, ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್ ಈ ಸಾಲಿನ್ಯಾಗ ಮೆಕ್ಯಾನಿಕ್ ಕಡೆ ತೋರಿಸ್ರಿ, ಹೋಗೋವಾಗ ಆ ಪ್ಲಗ್ ಜೊತಿಗೆ ಒಯ್ರಿ.